ಕೋಣೆಯೂ ಒಂದು ವಾದ್ಯ

ದುಬಾರಿ ಸ್ಪೀಕರ್, ಆಂಪ್ಲಿಫೈಯರ್ ತಂದಿಟ್ಟ ಮಾತ್ರಕ್ಕೆ ಸಂಗೀತ ಮನೆಗೆ ಬಂದಂತಲ್ಲ. ಅವುಗಳನ್ನು ಎಲ್ಲಿಡುತ್ತೇವೆ, ನಾವು ಎಲ್ಲಿ ಕೂರುತ್ತೇವೆ, ಗೋಡೆ ಮತ್ತು ನೆಲ ಸದ್ದನ್ನು ಏನು ಮಾಡುತ್ತವೆ ಎಂಬುದು ಗೊತ್ತಿದ್ದರೆ ಸಾಧಾರಣ ಬೆಲೆಯ ಸ್ಟೀರಿಯೊ ಕೂಡ ಮನಸ್ಸು ತುಂಬುವಂತೆ ಹಾಡುತ್ತದೆ.

ಸ್ಟೀರಿಯೊ ಅಂಗಡಿಗೆ ಹೋದರೆ ಮೊದಲು ಕೇಳಿಸುವುದು ಎದೆ ಅದುರಿಸುವ ಡ್ರಮ್, ಇಲ್ಲವೇ ಫಳಫಳ ಹೊಳೆಯುವ ಗಿಟಾರ್. ಎರಡೂ ಗಿರಾಕಿಯನ್ನು ಬೇಗ ಒಲಿಸಿಕೊಳ್ಳುತ್ತವೆ. ಎರಡೂ ಸ್ಪೀಕರಿನ ತಪ್ಪುಗಳನ್ನು ಸುಲಭವಾಗಿ ಮುಚ್ಚಿಡುತ್ತವೆ. ಸಂಗೀತ ಕಛೇರಿ ಕೇಳಿ ಬೆಳೆದವರಿಗೆ ಇದಕ್ಕಿಂತ ನಿಷ್ಠುರವಾದ ಪರೀಕ್ಷೆಯೊಂದು ಕೈಯಳತೆಯಲ್ಲೇ ಇದೆ. ಅದು ತಂಬೂರಿ.

1921ರಲ್ಲಿ ಸಿ.ವಿ. ರಾಮನ್ ಭಾರತದ ತಂತಿವಾದ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ ತಂಬೂರಿ ಮತ್ತು ವೀಣೆಗಳಲ್ಲಿ ತಂತಿ ಹೊರುವ ಕುದುರೆಯ ವಿಶೇಷವನ್ನು ವಿವರಿಸಿದರು. ತಂತಿಯನ್ನು ಮೀಟಿದ ಜಾಗದಲ್ಲೇ ಯಾವ ಉಪಸ್ವರದ ನಿಶ್ಚಲ ಬಿಂದು ಬೀಳುತ್ತದೋ ಆ ಉಪಸ್ವರ ಹುಟ್ಟಬಾರದು ಎಂಬುದು ಭೌತಶಾಸ್ತ್ರ ಒಪ್ಪಿಕೊಂಡಿದ್ದ ನಿಯಮ. ತಂಬೂರಿಯಲ್ಲಿ ಆ ಉಪಸ್ವರಗಳೂ ಧಾರಾಳವಾಗಿ ಕೇಳಿಸುತ್ತವೆ. ಅಗಲವಾದ, ತುಸು ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಕಂಪಿಸುವುದೂ ತಂತಿಯಡಿ ಸಿಕ್ಕಿಸಿದ ದಾರದ ಎಳೆಯೂ ಇದಕ್ಕೆ ಕಾರಣ. ಹಾರ್ಮೋನಿಯಂನ ‘ಬಿಳಿ ಒಂದು’ ಶ್ರುತಿಗೆ ಹಾಡುವವರ ತಂಬೂರಿಯಲ್ಲಿ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಅಲ್ಲಿಂದ ಹಿಡಿದು ಸಾವಿರಾರು ಹರ್ಟ್ಸ್‌ವರೆಗೆ ಉಪಸ್ವರಗಳ ಸಾಲೇ ಇರುತ್ತದೆ. ಸ್ಪೀಕರ್ ಸರಿಯಿಲ್ಲದಿದ್ದರೆ ಷಡ್ಜ ಒಂದು ಕಡೆ, ಝೇಂಕಾರ ಇನ್ನೊಂದು ಕಡೆ ಒಡೆದು ಕೇಳುತ್ತದೆ. ಕೋಣೆ ಸರಿಯಿಲ್ಲದಿದ್ದರೆ ನಾಲ್ಕು ತಂತಿಗಳಲ್ಲಿ ಒಂದು ಮಾತ್ರ ಊದಿಕೊಂಡು ಉಳಿದ ಮೂರನ್ನು ನುಂಗುತ್ತದೆ.

ಈ ಎರಡನೆಯ ತೊಂದರೆಯ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತನಾಡುವುದಿಲ್ಲ, ಏಕೆಂದರೆ ಕೋಣೆಯನ್ನು ಅಂಗಡಿಯವರು ಮಾರುವುದಿಲ್ಲ. ತಂಬೂರಿಗೆ ಬುರುಡೆ ಹೇಗೋ ಸ್ಪೀಕರಿಗೆ ಕೋಣೆ ಹಾಗೆ. ಸ್ಟೀರಿಯೊ ಕಟ್ಟುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ.

ಇಲ್ಲದ ಜಾಗದಿಂದ ಬರುವ ದನಿ

ಸ್ಟೀರಿಯೊ ಎಂದರೆ ಎರಡು ಸ್ಪೀಕರ್ ಎಂದಷ್ಟೇ ಅರ್ಥವಲ್ಲ. ಲಂಡನ್ನಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲೂಮ್‌ಲೀನ್ 1931ರ ಡಿಸೆಂಬರ್‌ನಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು. ಎಡ ಮತ್ತು ಬಲದಿಂದ ಬರುವ ಸದ್ದುಗಳ ನಡುವಿನ ಸೂಕ್ಷ್ಮ ವ್ಯತ್ಯಾಸದಿಂದ, ಸ್ಪೀಕರೇ ಇಲ್ಲದ ಜಾಗದಲ್ಲಿ ಗಾಯಕ ನಿಂತಂತೆ ಕೇಳುಗನಿಗೆ ಅನ್ನಿಸಬೇಕು. ಅವರ ಕಲ್ಪನೆಯ ಜೀವಾಳ ಇದು. ರೆಕಾರ್ಡಿನ ಒಂದೇ ಗಾಡಿಯ, ಅಂದರೆ ಗೀರಿನ, ಎರಡು ಗೋಡೆಗಳಲ್ಲಿ ಎರಡು ವಾಹಿನಿಗಳನ್ನು ಕೊರೆಯುವ ವಿಧಾನವೂ ಅದೇ ಪೇಟೆಂಟ್‌ನಲ್ಲಿತ್ತು. 1942ರಲ್ಲಿ, 38ನೇ ವಯಸ್ಸಿಗೆ, ರೇಡಾರ್ ಪ್ರಯೋಗಕ್ಕಾಗಿ ಹಾರುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ ಅವರು ತೀರಿಕೊಂಡರು. ಸ್ಟೀರಿಯೊ ರೆಕಾರ್ಡುಗಳು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅವರು ಅದನ್ನು ನೋಡಲಿಲ್ಲ.

ಗಾಯಕ ಎದುರು ನಿಂತಂಥ ಆ ಅನುಭವ ಮನೆಯಲ್ಲಿ ಮೂಡಬೇಕಾದರೆ ಎರಡೂ ಸ್ಪೀಕರುಗಳಿಂದ ಸದ್ದು ಒಂದೇ ಹೊತ್ತಿಗೆ, ಒಂದೇ ಮಟ್ಟದಲ್ಲಿ, ಒಂದೇ ಗುಣದಲ್ಲಿ ಕಿವಿಗೆ ಮುಟ್ಟಬೇಕು. ಹೊಂದಿಸುವ ಕೆಲಸವೆಲ್ಲ ಈ ಮೂರಕ್ಕಾಗಿ.

ಹಣ ಎಲ್ಲಿ ಹಾಕಬೇಕು?

ನನ್ನ ಸಲಹೆ ಸ್ಪಷ್ಟ: ಬಜೆಟ್‌ನ ಅರ್ಧದಷ್ಟು ಸ್ಪೀಕರಿಗೆ. ಉಳಿದದ್ದರಲ್ಲಿ ಆಂಪ್ಲಿಫೈಯರ್, ಹಾಡು ನುಡಿಸುವ ಉಪಕರಣ ಮತ್ತು ಕೋಣೆಯ ತಯಾರಿ. ಇಡೀ ಸರಪಳಿಯಲ್ಲಿ ಅತಿ ಹೆಚ್ಚು ತಪ್ಪು ಮಾಡುವುದು ಸ್ಪೀಕರ್. ಕಾಗದದ ಇಲ್ಲವೇ ಪ್ಲಾಸ್ಟಿಕ್ಕಿನ ಕೋನ್ ಒಂದನ್ನು ಹಿಂದೆ ಮುಂದೆ ತಳ್ಳಿ ವೀಣೆಯ ಗಮಕವನ್ನೂ ಮೃದಂಗದ ಗುಮುಕಿಯನ್ನೂ ಹುಟ್ಟಿಸುವುದು ಸುಲಭದ ಕೆಲಸವಲ್ಲ.

ದೊಡ್ಡ ಸ್ಪೀಕರೇ ಒಳ್ಳೆಯದೆಂಬ ನಂಬಿಕೆಯನ್ನು ಬಿಡಬೇಕು. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವಾಹನಗಳೊಳಗೆ ಕೂತು ಕೇಳಲೆಂದು ಎಲ್‌ಎಸ್3/5ಎ ಎಂಬ ಸ್ಪೀಕರ್ ರೂಪಿಸಿದರು. ಎತ್ತರ ಬರೀ ಒಂದು ಅಡಿ. ಮನುಷ್ಯನ ಕಂಠವನ್ನು ಸಹಜವಾಗಿ ಕೇಳಿಸುವುದರಲ್ಲಿ ಅದು ಪಡೆದ ಹೆಸರು ಇಂದಿಗೂ ಮಾಸಿಲ್ಲ. 10 ಅಡಿ ಅಗಲದ ಕೋಣೆಗೆ ಆಳೆತ್ತರದ ಸ್ಪೀಕರ್ ತಂದರೆ ಮಂದ್ರ ಸ್ಥಾಯಿಯ ಸದ್ದು ಕೋಣೆ ತುಂಬಿ ಗುಂಯ್‌ಗುಡುತ್ತದೆ. ಅಷ್ಟು ಜಾಗದಲ್ಲಿ ಸ್ಟ್ಯಾಂಡಿನ ಮೇಲಿಟ್ಟ ಚಿಕ್ಕ ಜೋಡಿಯೇ ವಾಸಿ. ಕೊಳ್ಳುವಾಗ ಕೋನಿನ ಅಂಚನ್ನೂ ಗಮನಿಸಿ. ಕರಾವಳಿ, ಮಲೆನಾಡಿನ ತೇವದ ಹವೆಯಲ್ಲಿ ಫೋಮಿನ ಅಂಚು ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ; ರಬ್ಬರಿನದು ಬಾಳಿಕೆ ಬರುತ್ತದೆ.

ಆಂಪ್ಲಿಫೈಯರ್ ಆರಿಸುವಾಗ ವಾಟ್‌ಗಳ ಲೆಕ್ಕ ತಿಳಿದಿರಲಿ. 86 ಡೆಸಿಬೆಲ್ ಸಂವೇದನೆಯ ಸ್ಪೀಕರಿಗೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ಸದ್ದು ಬರುತ್ತದೆ. 10 ವಾಟ್‌ಗೆ 96, 100 ವಾಟ್‌ಗೆ 106. ಸದ್ದು ಎರಡು ಪಟ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಪಟ್ಟು ವಾಟ್ ಬೇಕು. ಹಾಗಾಗಿ 50 ವಾಟ್‌ನ ಬದಲು 60 ವಾಟ್‌ನದನ್ನು ಕೊಂಡರೆ ಸಿಗುವುದು 1 ಡೆಸಿಬೆಲ್‌ಗಿಂತ ಕಡಿಮೆ ಲಾಭ. 89 ಡೆಸಿಬೆಲ್‌ನ ಸ್ಪೀಕರ್ ಆರಿಸಿದರೆ ಅರ್ಧ ವಾಟ್‌ನಲ್ಲೇ ಅಷ್ಟೇ ಸದ್ದು ಸಿಗುತ್ತದೆ.

ಸಿ.ಡಿ. ಮತ್ತು ಡಿಜಿಟಲ್ ಕಡತಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 1982ರಲ್ಲಿ ಬಂದ ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಅಳತೆಯೇ ಸುಮಾರು 96 ಡೆಸಿಬೆಲ್ ವ್ಯಾಪ್ತಿಯನ್ನೂ ಮನುಷ್ಯನ ಕಿವಿಯ ಮಿತಿಯಾದ 20,000 ಹರ್ಟ್ಸ್ ಅನ್ನೂ ಒಳಗೊಳ್ಳುತ್ತದೆ. ಅದನ್ನು ನಿಷ್ಠೆಯಿಂದ ಸದ್ದಾಗಿಸುವ ಡ್ಯಾಕ್ (ಡಿಜಿಟಲ್-ಅನಲಾಗ್ ಪರಿವರ್ತಕ) ಇಂದು ಕಡಿಮೆ ಬೆಲೆಗೇ ಸಿಗುತ್ತದೆ. ಸ್ಪೀಕರ್ ತಂತಿಯ ಮಾತೂ ಹಾಗೆಯೇ. 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು 5 ಮೀಟರ್ ಎಳೆದರೆ, ಹೋಗುವ ಬರುವ ದಾರಿ ಎರಡೂ ಸೇರಿ ಅದರ ಪ್ರತಿರೋಧ ಸುಮಾರು 0.07 ಓಮ್. 8 ಓಮ್ ಸ್ಪೀಕರಿನ ಮುಂದೆ ಅದು ನಗಣ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಶುದ್ಧ ತಾಮ್ರದ ತಂತಿ ಸಾಕು. ಉಳಿಸಿದ ಹಣ ಕೋಣೆಗಿರಲಿ.

15x12x10 ಅಡಿಯ ಲೆಕ್ಕ

ನಮ್ಮ ಊರುಗಳಲ್ಲಿ ಸಾಮಾನ್ಯವಾದ ಕೋಣೆಯೊಂದನ್ನು ತೆಗೆದುಕೊಳ್ಳೋಣ: ಉದ್ದ 15 ಅಡಿ, ಅಗಲ 12, ಎತ್ತರ 10. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಆವರ್ತನದಲ್ಲಿ ಕೋಣೆ ತಾನೇ ಅನುರಣಿಸತೊಡಗುತ್ತದೆ. 1,130 ಅನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 38 ಹರ್ಟ್ಸ್, ಅಗಲಕ್ಕೆ 47, ಎತ್ತರಕ್ಕೆ 56. ಇವುಗಳ ಎರಡರಷ್ಟು, ಮೂರರಷ್ಟು ಆವರ್ತನಗಳಲ್ಲೂ ಅದೇ ಪರಿಣಾಮ. ತಂಬೂರಿಯ ಮಂದ್ರ ಷಡ್ಜ, ತಬಲಾದ ಡಗ್ಗಾ, ಮೃದಂಗದ ಎಡಗಡೆ ಎಲ್ಲವೂ ಓಡಾಡುವ ಪ್ರದೇಶ ಇದೇ.

ಅನುರಣನ ಕೋಣೆಯ ತುಂಬ ಒಂದೇ ಸಮ ಇರುವುದಿಲ್ಲ. ಗೋಡೆಯ ಬಳಿ, ಅದರಲ್ಲೂ ಮೂಲೆಗಳಲ್ಲಿ ಉಬ್ಬಿರುತ್ತದೆ. ಉದ್ದದ ನಟ್ಟನಡುವೆ 38 ಹರ್ಟ್ಸ್ ಬಹುತೇಕ ಕಾಣೆಯಾಗುತ್ತದೆ. ಹಿಂಗೋಡೆಗೆ ಸೋಫಾ ಅಂಟಿಸಿ ಕೂತವರಿಗೆ ಡಗ್ಗಾ ದಪ್ಪವಾಗಿ, ನಡುಮಧ್ಯೆ ಕೂತವರಿಗೆ ತೆಳ್ಳಗೆ ಕೇಳಿಸುವುದು ಇದರಿಂದ. ಉಪಕರಣ ಬದಲಿಸಿದರೆ ಈ ದೋಷ ಹೋಗುವುದಿಲ್ಲ. ಕುರ್ಚಿ ಸರಿಸಿದರೆ ಹೋಗುತ್ತದೆ. 12 ಅಡಿ ಚೌಕದ ಕೋಣೆಯಲ್ಲಿ ಉದ್ದ ಅಗಲ ಎರಡೂ 47 ಹರ್ಟ್ಸ್‌ನಲ್ಲೇ ಅನುರಣಿಸಿ ದೋಷ ಇಮ್ಮಡಿಸುತ್ತದೆ. ಆಯ್ಕೆಯಿದ್ದರೆ ಚೌಕದ ಕೋಣೆ ಬೇಡ. ಮಲೆನಾಡಿನ ಹಳೆಯ ಹೆಂಚಿನ ಮನೆಯ ಇಳಿಜಾರು ಮಾಡು ಈ ವಿಷಯದಲ್ಲಿ ವರವೇ ಸರಿ: ನೆಲಕ್ಕೆ ಸಮಾನಾಂತರವಾದ ತಾರಸಿ ಅಲ್ಲಿಲ್ಲ, ಹೆಂಚಿನ ಸಂದಿಗಳಿಂದ ಮಂದ್ರದ ಸದ್ದು ಹೊರಗೂ ಹೋಗುತ್ತದೆ.

ಸ್ಪೀಕರಿಗೆ ಜಾಗ ಹುಡುಕುವುದು

ಈ ಕೋಣೆಯಲ್ಲಿ ಸ್ಪೀಕರುಗಳನ್ನು 12 ಅಡಿಯ ಗೋಡೆಯ ಮುಂದಿಡಬೇಕು. ಗೋಡೆಯಿಂದ 3 ಅಡಿ ಮುಂದಕ್ಕೆ, ಎರಡರ ನಡುವೆ 7 ಅಡಿ, ಪಕ್ಕದ ಗೋಡೆಗಳಿಂದ ಎರಡೂವರೆ ಅಡಿ. ಕೇಳುಗನ ಕುರ್ಚಿ ಹಿಂಗೋಡೆಯಿಂದ ಐದೂವರೆ ಆರು ಅಡಿ ಮುಂದೆ. ಆಗ ಎರಡು ಸ್ಪೀಕರ್ ಮತ್ತು ತಲೆ ಸೇರಿ ಹೆಚ್ಚುಕಡಿಮೆ ಏಳು ಅಡಿ ಬಾಹುಗಳ ಸಮಬಾಹು ತ್ರಿಭುಜವಾಗುತ್ತದೆ. ತಾರದ ಸದ್ದು ಹೊರಡಿಸುವ ಟ್ವೀಟರ್ ಕೂತವರ ಕಿವಿಯ ಎತ್ತರಕ್ಕಿರಲಿ.

ಇದು ಆರಂಭವಷ್ಟೇ. ಸ್ಪೀಕರಿನ ಹಿಂದಿನ ಗೋಡೆಯಿಂದ ಮರಳುವ ಸದ್ದು ಒಂದು ನಿರ್ದಿಷ್ಟ ಆವರ್ತನದಲ್ಲಿ ಮೂಲ ಸದ್ದನ್ನು ರದ್ದು ಮಾಡುತ್ತದೆ. 3 ಅಡಿ ದೂರಕ್ಕೆ ಅದು ಸುಮಾರು 94 ಹರ್ಟ್ಸ್. ಪಕ್ಕದ ಗೋಡೆಗೂ ನೆಲಕ್ಕೂ ಅಷ್ಟೇ ದೂರವಿದ್ದರೆ ಮೂರು ಹಳ್ಳಗಳೂ ಒಂದೇ ಕಡೆ ಬಿದ್ದು ಗಂಡುದನಿಯ ತೂಕವೇ ಹೋಗುತ್ತದೆ. ಅದಕ್ಕಾಗಿಯೇ ಈ ಮೂರು ದೂರಗಳು ಬೇರೆಬೇರೆ ಇರಬೇಕು. ಸ್ಪೀಕರನ್ನು ಎರಡೆರಡು ಇಂಚು ಹಿಂದೆ ಮುಂದೆ ಸರಿಸುತ್ತ, ಪ್ರತಿ ಸಲ ಅದೇ ಹಾಡನ್ನು ಅದೇ ಮಟ್ಟದಲ್ಲಿ ಕೇಳಿ. ಒಪ್ಪಿತವಾದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ.

ಎಡ ಬಲದ ದೂರ ಅರ್ಧ ಇಂಚಿನವರೆಗೆ ಸಮವಿರಬೇಕು. ತಲೆ ಆರು ಇಂಚು ಬಲಕ್ಕೆ ಸರಿದರೆ ಎರಡು ಸ್ಪೀಕರುಗಳ ದೂರದಲ್ಲಿ ಹತ್ತಿರ ಹತ್ತಿರ ಅರ್ಧ ಅಡಿ ವ್ಯತ್ಯಾಸ ಬರುತ್ತದೆ. ಕಾಲದ ಲೆಕ್ಕದಲ್ಲಿ ಅದು ಅರ್ಧ ಮಿಲಿಸೆಕೆಂಡಿಗೂ ಕಡಿಮೆ. ಗಾಯಕ ಮಧ್ಯದಿಂದ ಬಲಗಡೆಗೆ ಸರಿದುಬಿಡಲು ಅಷ್ಟು ಸಾಕು.

ಇದಕ್ಕೆ ನಮ್ಮಲ್ಲಿ ಚಂದದ ಪರೀಕ್ಷೆಯೊಂದಿದೆ. 1960ರ ದಶಕದ ಕನ್ನಡ ಚಿತ್ರಗೀತೆಗಳು ಮಾನೋ ಧ್ವನಿಮುದ್ರಣಗಳು. ಎರಡೂ ಸ್ಪೀಕರಿನಿಂದ ಬರುವುದು ಒಂದೇ ಸಂಕೇತ. ಪಿ.ಬಿ. ಶ್ರೀನಿವಾಸ್ ಅವರ ಆ ಕಾಲದ ಯಾವುದಾದರೂ ಹಾಡು ಹಾಕಿ. ಅವರ ದನಿ ಎರಡು ಸ್ಪೀಕರುಗಳ ನಟ್ಟನಡುವೆ, ಬೆರಳಿಟ್ಟು ತೋರಿಸಬಲ್ಲಂತೆ ನಿಲ್ಲಬೇಕು. ಒಂದು ಕಡೆ ವಾಲಿದರೆ ದೂರ ಇಲ್ಲವೇ ಕೋನ ತಪ್ಪಿದೆ. ದನಿ ಎಲ್ಲೂ ನಿಲ್ಲದೆ ಕೋಣೆಯ ತುಂಬ ಹರಡಿಕೊಂಡು ಮಂದ್ರ ಬಡವಾಗಿದ್ದರೆ ಒಂದು ಸ್ಪೀಕರಿನ ಕೆಂಪು ಕಪ್ಪು ತಂತಿಗಳು ಅದಲುಬದಲಾಗಿವೆ. ಹಾಡು ಮಧ್ಯದಲ್ಲಿ ನಿಂತ ಮೇಲೆ ಸ್ಪೀಕರುಗಳ ಮುಖವನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಿರುಗಿಸಿ; ತಿರುಗಿಸಿದಷ್ಟೂ ಚಿತ್ರ ಮೊನಚಾಗುತ್ತದೆ, ಅತಿಯಾದರೆ ಸಕಾರ ಶಕಾರಗಳು ಚುಚ್ಚತೊಡಗುತ್ತವೆ.

ಸಬ್‌ವೂಫರ್ ಇದ್ದರೆ ಅದಕ್ಕೆ ಜಾಗ ಹುಡುಕುವ ಹಳೆಯ ಉಪಾಯವೊಂದಿದೆ. ಅದನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಮಂದ್ರ ಸ್ಥಾಯಿಯ ಸಂಗೀತ ಹಾಕಿ, ಗೋಡೆಯಂಚಿನಲ್ಲಿ ಕಿವಿ ತಗ್ಗಿಸಿಕೊಂಡು ಸುತ್ತಿ ಬನ್ನಿ. ಪ್ರತಿ ಸ್ವರವೂ ಒಂದೇ ತೂಕದಲ್ಲಿ ಕೇಳಿದ ಜಾಗವೇ ಸಬ್‌ವೂಫರ್ ಇಡಬೇಕಾದ ಜಾಗ.

ಸೇಬೈನ್ ಹೊತ್ತ ದಿಂಬುಗಳು

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ ಬಿದ್ದದ್ದು ವ್ಯಾಲೇಸ್ ಸೇಬೈನ್ ಎಂಬ ತರುಣ ಅಧ್ಯಾಪಕರ ಮೇಲೆ. ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿದಿಂಬುಗಳನ್ನು ಹೊತ್ತು ತಂದು, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವವರೆಗಿನ ಹೊತ್ತನ್ನು ಅಳೆದರು. ದಿಂಬು ಹೆಚ್ಚಿದಷ್ಟೂ ಸದ್ದು ಬೇಗ ಅಡಗಿತು. ಅದರಿಂದ ಹುಟ್ಟಿದ ಸೂತ್ರ ಸರಳ: ಕೋಣೆಯ ಘನಗಾತ್ರವನ್ನು ಘನ ಅಡಿಯಲ್ಲಿ ತೆಗೆದುಕೊಂಡು 0.049ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಸದ್ದು ಅಡಗುವ ಸೆಕೆಂಡುಗಳು ಸಿಗುತ್ತವೆ.

ನಮ್ಮ ಕೋಣೆಗೆ ಇದನ್ನು ಹಚ್ಚಿ ನೋಡೋಣ. ಘನಗಾತ್ರ 1,800 ಘನ ಅಡಿ. ಗೋಡೆ, ನೆಲ, ತಾರಸಿ ಸೇರಿ 900 ಚದರ ಅಡಿ. ಸಿಮೆಂಟು, ಟೈಲ್ಸ್, ಗ್ರಾನೈಟ್ ಸದ್ದಿನ ಶೇ 3ರಷ್ಟನ್ನು ಮಾತ್ರ ಹೀರುತ್ತವೆ ಎಂದಿಟ್ಟುಕೊಂಡರೆ, ಬರಿದಾದ ಕೋಣೆಯಲ್ಲಿ ಸದ್ದು ಅಡಗಲು 3 ಸೆಕೆಂಡಿಗೂ ಹೆಚ್ಚು ಬೇಕು. ಮನೆಯಲ್ಲಿ ಸಂಗೀತ ಕೇಳಲು ಅರ್ಧ ಸೆಕೆಂಡ್ ಹಿತ. ಮರದ ನೆಲ, ಟೊಳ್ಳು ಗೋಡೆಗಳ ಪಾಶ್ಚಾತ್ಯ ಮನೆಗಳಿಗಾಗಿ ಬರೆದ ಸಲಹೆಗಳು ನಮ್ಮ ಇಟ್ಟಿಗೆ ಕಾಂಕ್ರೀಟಿನ ಮನೆಗಳಲ್ಲಿ ಸಾಲದೆ ಹೋಗುವುದು ಇದಕ್ಕೇ.

ಪರಿಹಾರ ದುಬಾರಿಯಲ್ಲ. ಸ್ಪೀಕರಿಗೂ ಕುರ್ಚಿಗೂ ನಡುವೆ ದಪ್ಪ ಜಮಖಾನೆ, ಕಿಟಕಿಗೆ ನೆರಿಗೆ ತುಂಬಿದ ಭಾರದ ಪರದೆ, ಬಟ್ಟೆ ಹೊದಿಸಿದ ಸೋಫಾ, ಹಿಂಗೋಡೆಗೆ ಪುಸ್ತಕ ತುಂಬಿದ ಕಪಾಟು. ಬೇರೆಬೇರೆ ಆಳದ ಪುಸ್ತಕಗಳು ಸದ್ದನ್ನು ಚದುರಿಸುತ್ತವೆ ಕೂಡ. ಪಕ್ಕದ ಗೋಡೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ಲೆಕ್ಕದ ಕೋಣೆಯಲ್ಲಿ ಅಲ್ಲಿಂದ ಮರಳುವ ಮೊದಲ ಪ್ರತಿಫಲನ ನೇರ ಸದ್ದಿಗಿಂತ ಸುಮಾರು 3 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಇಷ್ಟು ಬೇಗ ಬಂದದ್ದು ಪ್ರತಿಧ್ವನಿಯಾಗಿ ಕೇಳಿಸದೆ ಮೂಲ ಸದ್ದಿನೊಳಗೇ ಬೆರೆತು ಅದರ ಬಣ್ಣ ಬದಲಿಸುತ್ತದೆ. ನೀವು ಕುರ್ಚಿಯಲ್ಲಿ ಕೂತು, ಮನೆಯವರೊಬ್ಬರಿಗೆ ಗೋಡೆಗುಂಟ ಕನ್ನಡಿ ಸರಿಸಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗದಲ್ಲಿ ದಪ್ಪ ಹೀರುಹಲಗೆಯನ್ನೋ ಪುಸ್ತಕದ ಗೂಡನ್ನೋ ಇಡಿ. ತೆಳ್ಳಗಿನ ಫೋಮ್ ಹಾಳೆಗಳಿಂದ ಗೋಡೆ ಮುಚ್ಚುವುದು ಬೇಡ. ಅವು ತಾರದ ಸದ್ದನ್ನು ಮಾತ್ರ ನುಂಗಿ ಕೋಣೆಯನ್ನು ಮಂಕಾಗಿಸುತ್ತವೆ. ಮಂದ್ರದ ಗುಂಯ್‌ಗಾಟ ಹಾಗೆಯೇ ಉಳಿಯುತ್ತದೆ.

ರೆಕಾರ್ಡು ಹಾಕುವವರಿಗೆ

ಮನೆಯಲ್ಲಿ ಹಳೆಯ ರೆಕಾರ್ಡುಗಳಿದ್ದರೆ ಟರ್ನ್‌ಟೇಬಲ್ ಜೋಡಣೆಗೆ ಕೈ ಸ್ಥಿರವಿರಬೇಕು. ಮೊದಲು ಅದು ಕೂರುವ ಹಲಗೆ ಮಟ್ಟವಾಗಿರಲಿ. ಎಲ್.ಪಿ. ಮುಳ್ಳಿನ ಭಾರ ಬಹುಪಾಲು ಕಾರ್ಟ್ರಿಜ್‌ಗಳಿಗೆ ಒಂದೂವರೆಯಿಂದ ಎರಡು ಗ್ರಾಂ. ತಯಾರಕರು ಹೇಳಿದ ಅಂಕಿಯನ್ನು ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಅಳೆದು ಹೊಂದಿಸಿ. ಭಾರ ಕಡಿಮೆಯಾದರೆ ಗಾಡಿ ಉಳಿಯುತ್ತದೆಂಬುದು ತಪ್ಪು. ಹಗುರವಾದ ಮುಳ್ಳು ಗಾಡಿಯೊಳಗೆ ಎಗರಿ ಗೋಡೆಗಳಿಗೆ ಬಡಿಯುತ್ತದೆ. ಎಲ್.ಪಿ. ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಅದನ್ನು ಮತ್ತೆ ಸಮ ಮಾಡುವ ಫೋನೊ ಸ್ಟೇಜ್ ಇಲ್ಲದೆ ಸಾಧಾರಣ ಆಂಪ್ಲಿಫೈಯರಿಗೆ ಜೋಡಿಸಿದರೆ ಸದ್ದು ಕ್ಷೀಣವಾಗಿ, ಕೀಚಲಾಗಿ ಕೇಳುತ್ತದೆ. 78 ವೇಗದ ಅರಗಿನ ರೆಕಾರ್ಡುಗಳ ಗಾಡಿ ಬಹಳ ಅಗಲ. ಅವಕ್ಕೆ ಬೇರೆಯದೇ ಮುಳ್ಳು ಬೇಕು. ಎಲ್.ಪಿ. ಮುಳ್ಳಿನಿಂದ ಅವನ್ನು ನುಡಿಸಬೇಡಿ.

ಕಣ್ಣು ಮುಚ್ಚಿ ಕೇಳಿ

ಕಿವಿ ಪ್ರಾಮಾಣಿಕವಾದದ್ದು, ಆದರೆ ಕಣ್ಣು ಅದನ್ನು ದಾರಿ ತಪ್ಪಿಸುತ್ತದೆ. ಕೆನಡಾದ ಫ್ಲಾಯ್ಡ್ ಟೂಲ್ ದಶಕಗಳ ಕಾಲ ನಡೆಸಿದ ಪ್ರಯೋಗಗಳು ಇದನ್ನು ತೋರಿಸಿವೆ. ಶಾನ್ ಆಲಿವ್ ಜೊತೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪೀಕರನ್ನು ಕಣ್ಣಾರೆ ಕಂಡಾಗ ಕೊಟ್ಟ ಅಂಕಗಳಿಗೂ ಪರದೆಯ ಹಿಂದಿಟ್ಟಾಗ ಕೊಟ್ಟ ಅಂಕಗಳಿಗೂ ದೊಡ್ಡ ಅಂತರವಿತ್ತು. ಕಾಣದಂತಿಟ್ಟಾಗ ಹೆಚ್ಚಿನವರು ಮೆಚ್ಚಿದ್ದು ಎಲ್ಲ ಆವರ್ತನಗಳನ್ನೂ ಏರುಪೇರಿಲ್ಲದೆ ಸಮನಾಗಿ ನುಡಿಸುವ ಸ್ಪೀಕರುಗಳನ್ನು. ಇನ್ನೊಂದು ಮೋಸ ಸದ್ದಿನ ಮಟ್ಟದ್ದು. ಎರಡರಲ್ಲಿ ಒಂದು ಒಂದೇ ಡೆಸಿಬೆಲ್ ಜೋರಾಗಿದ್ದರೂ ಅದೇ ಉತ್ತಮವೆಂದು ಅನ್ನಿಸಿಬಿಡುತ್ತದೆ. ಹೋಲಿಸುವಾಗ ಮಟ್ಟ ಸಮ ಮಾಡಿಕೊಳ್ಳಿ. ನಿತ್ಯ ಕೇಳುವ ಮಟ್ಟದಲ್ಲೇ ಹೋಲಿಸಿ.

ಕಿವಿಯ ಜೊತೆಗೆ ಮಾಪನವೂ ಇರಲಿ. ಯುಎಸ್‌ಬಿ ಮೈಕ್ ಒಂದನ್ನು ಕುರ್ಚಿಯ ಬಳಿ ನಿಲ್ಲಿಸಿ, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಜಾರ್ಡ್ ತಂತ್ರಾಂಶ ಓಡಿಸಿದರೆ ಕೋಣೆಯ ಉಬ್ಬು ತಗ್ಗುಗಳು ಗೆರೆಯಾಗಿ ಕಾಣುತ್ತವೆ. ಇಂಥ ಕೋಣೆಯಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಕೋಣೆಯದೇ ದರ್ಬಾರು. ಅಲ್ಲಿನ ಉಬ್ಬುಗಳನ್ನು ಈಕ್ವಲೈಸರಿನಿಂದ ತಗ್ಗಿಸಿ. ಹಳ್ಳಗಳನ್ನು ತುಂಬಲು ಹೋಗಬೇಡಿ: 10 ಡೆಸಿಬೆಲ್ ಏರಿಸಲು 10 ಪಟ್ಟು ವಾಟ್ ಬೇಕು, ಗೋಡೆ ಅದನ್ನೂ ರದ್ದು ಮಾಡುತ್ತದೆ. ಹಳ್ಳಕ್ಕೆ ಮದ್ದು ಸ್ಪೀಕರ್ ಇಲ್ಲವೇ ಕುರ್ಚಿಯನ್ನು ಸರಿಸುವುದು.

ಕೊನೆಗೆ ವಿದ್ಯುತ್ತು. ಸ್ಪೀಕರಿನಲ್ಲಿ ಸದಾ ‘ಹುಂ’ ಎಂಬ ಸದ್ದಿದ್ದರೆ ಅದು 50 ಹರ್ಟ್ಸ್ ವಿದ್ಯುತ್ತಿನ ನಂಟಿನದು. ಉಪಕರಣಗಳು ಬೇರೆಬೇರೆ ಪ್ಲಗ್‌ಗಳ ಮೂಲಕ ಭೂಮಿಗೆ ಜೋಡಣೆಯಾದಾಗ, ಟಿ.ವಿ. ಕೇಬಲ್ ಸೇರಿಕೊಂಡಾಗ ಹೀಗಾಗುವುದುಂಟು. ಎಲ್ಲವನ್ನೂ ಒಂದೇ ಬೋರ್ಡಿಗೆ ಜೋಡಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಹುಂಕಾರ ನಿಲ್ಲಿಸಲೆಂದು ಅರ್ಥ್ ಪಿನ್ನು ಕಿತ್ತುಹಾಕುವುದು ಪ್ರಾಣಕ್ಕೆ ಅಪಾಯ. ಮಳೆಗಾಲದ ಗುಡುಗಿಗೆ ಪ್ಲಗ್ಗು ಕಳಚಿಡಿ.

ಮಲ್ಲಿಕಾರ್ಜುನ ಮನಸೂರರ ಉಸಿರಿನ ಓಟ, ಗಂಗೂಬಾಯಿ ಹಾನಗಲ್ಲರ ಕಂಠದ ಗಾಂಭೀರ್ಯ, ದೊರೆಸ್ವಾಮಿ ಅಯ್ಯಂಗಾರರ ವೀಣೆಯ ನಾದ ಇವೆಲ್ಲ ನಮಗಿಂದು ಉಳಿದಿರುವುದು ಧ್ವನಿಮುದ್ರಣಗಳಲ್ಲಿ. ಅವರು ಹಾಡಿದ್ದನ್ನು, ನುಡಿಸಿದ್ದನ್ನು ಅದರ ಪೂರ್ಣ ರೂಪದಲ್ಲಿ ಕೇಳುವುದು ಶೋಕಿಯಲ್ಲ. ಅದು ಆ ಸಾಧನೆಗೆ ಸಲ್ಲಿಸುವ ಗೌರವ. ಹೊಸ ಉಪಕರಣಕ್ಕೆ ಹಣ ತೆಗೆಯುವ ಮುನ್ನ ಈ ಭಾನುವಾರ ಅಳತೆಪಟ್ಟಿ ಹಿಡಿದು, ಮನೆಯಲ್ಲಿರುವ ಸ್ಪೀಕರುಗಳನ್ನೇ ಮೂಲೆಯಿಂದ ಹೊರತೆಗೆಯಿರಿ. ತ್ರಿಭುಜ ಹಾಕಿ, ಜಮಖಾನೆ ಹಾಸಿ, ಕುರ್ಚಿಯನ್ನು ಗೋಡೆಯಿಂದ ಬಿಡಿಸಿ. ಹೊಸದನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಿ.